ಬಳಕೆದಾರರ ಪಟ್ಟಿ

ಗೋಕುಲಂ ಮೂರನೇ ಹಂತದ ವಿಶ್ವನಾಥ್ ಅವರ ಮನೆಗೆ ಒಂದು ಬಕೆಟ್ ಬರಬೇಕಾದರೂ ಮೂರು ಅಂಗಡಿಗಳ ಕೊಟೇಷನ್ ಆಗಬೇಕಿತ್ತು. ಉತ್ಪ್ರೇಕ್ಷೆಯಲ್ಲ, ಬೇಕಾದರೆ ಅವರ ಬಚ್ಚಲುಮನೆಯ ಹಸಿರು ಬಕೆಟ್ಟನ್ನು ಮಗುಚಿ ನೋಡಬಹುದು. ಬುಡದಲ್ಲಿ ಒಂದು ಚೀಟಿ ಇದೆ: ಕ್ರಮಸಂಖ್ಯೆ, ಕೊಂಡ ದಿನಾಂಕ, ಬಳಕೆದಾರರು. ಸರ್ಕಾರಿ ಕಚೇರಿಯ ಉಗ್ರಾಣದಲ್ಲಿ ಇಪ್ಪತ್ತಾರು ವರ್ಷದಿಂದ ಸವೆಯುತ್ತಿದ್ದ ಮನುಷ್ಯ. ಬಳಸುವವರನ್ನು ಕೇಳದೆ ಖರೀದಿ ಮಾಡುವಂತಿಲ್ಲ ಎಂದು ಒಮ್ಮೆ ದೊಡ್ಡ ಸಾಹೇಬರ ಕಡತವನ್ನೇ ವಾಪಸ್ ಕಳಿಸಿದ್ದ ಕಥೆಯನ್ನು ಮನೆಯವರೆಲ್ಲ ಕನಿಷ್ಠ ಐವತ್ತು ಸಲ ಕೇಳಿದ್ದರು. ಅಂಥ ಕೈ ಮನೆಯಲ್ಲಿ ಸುಮ್ಮನಿರುವುದುಂಟೇ? ಟೀವಿ, ಫ್ರಿಜ್ಜು, ಸ್ಕೂಟರು, ಕೊಡೆ, ಎಲ್ಲದಕ್ಕೂ ಚೀಟಿ ಬಿದ್ದಿತ್ತು. ಮಕ್ಕಳು ಹುಟ್ಟಿದಾಗ ಅವರ ಬೆನ್ನಿಗೂ ಅಂಟಿಸಲು ಹೋಗಿದ್ದರು ಎಂದು ಹೆಂಡತಿ ಪ್ರೇಮಲೀಲಾ ಬಂದವರ ಮುಂದೆ ಹೇಳಿ ನಗಿಸುತ್ತಿದ್ದರು.

ಟೀವಿಯ ಚೀಟಿಯಲ್ಲಿ ‘ಬಳಕೆದಾರರು: ಎಲ್ಲರೂ’ ಎಂದಿತ್ತು. ಸ್ಕೂಟರಿನದರಲ್ಲಿ ‘ವಿಶ್ವನಾಥ್’ ಎಂದಿತ್ತು. ಮಿಕ್ಸಿಯ ಚೀಟಿಯಲ್ಲಿ ಆ ಸಾಲು ಖಾಲಿ. ಅದನ್ನು ಯಾರು ಬಳಸುತ್ತಾರೆಂದು ಬರೆಯುವ ಅಗತ್ಯ ಯಾರಿಗೂ ಕಂಡಿರಲಿಲ್ಲ.

2009ರ ಜೂನ್ ತಿಂಗಳ ಮೊದಲನೇ ಭಾನುವಾರ ಮಧ್ಯಾಹ್ನದ ಊಟಕ್ಕೆ ಕುಳಿತಾಗ ಲ್ಯಾಪ್‌ಟಾಪಿನ ಮಾತು ಬಂತು. ಮಗ ಮಹೇಶ ಮೆಕ್ಯಾನಿಕಲ್ ಇಂಜಿನಿಯರಿಂಗ್ ಮೂರನೇ ವರ್ಷಕ್ಕೆ ಕಾಲಿಡುತ್ತಿದ್ದ. ಮಹಡಿಯ ಬಾಡಿಗೆಯಲ್ಲಿ ಉಳಿಸಿದ ದುಡ್ಡಿನಲ್ಲಿ ಮನೆಗೆ ಒಂದು ಲ್ಯಾಪ್‌ಟಾಪ್ ತರುವುದೆಂದು ಮೊದಲೇ ಮಾತಾಗಿತ್ತು. ಯಾವುದು ಎನ್ನುವಲ್ಲಿ ಗಾಡಿ ನಿಂತಿತ್ತು.

“ಮೂವತ್ತೆರಡು ಸಾವಿರದ್ದೂ ಇದೆ, ನಲವತ್ತಾರು ಸಾವಿರದ್ದೂ ಇದೆ. ನೋಡೋಕೆ ಎರಡೂ ಒಂದೇ ಥರ. ಹದಿನಾಲ್ಕು ಸಾವಿರ ಯಾತಕ್ಕೆ ಜಾಸ್ತಿ?” ಎಂದರು ವಿಶ್ವನಾಥ್.

“ಗ್ರಾಫಿಕ್ಸ್ ಕಾರ್ಡಿಗೆ ಅಪ್ಪಾಜಿ. ಕಮ್ಮಿದರಲ್ಲಿ ಆನ್‌ಬೋರ್ಡು. ಚಿತ್ರ ತೋರ್ಸೋ ಚಿಪ್ಪು ಮೇನ್ ಬೋರ್ಡಲ್ಲೇ ಸೇರ್ಕೊಂಡಿರತ್ತೆ. ಅದಕ್ಕೆ ಅಂತ ಸ್ವಂತ ಮೆಮೊರಿ ಇರಲ್ಲ, ಇರೋದ್ರಲ್ಲೇ ಒಂಚೂರು ತಗೊಂಡು ಕೆಲಸ ಮಾಡತ್ತೆ. ಜಾಸ್ತಿದರಲ್ಲಿ ಬೇರೆ ಕಾರ್ಡು, ಅದಕ್ಕೇ ಬೇರೆ ಮೆಮೊರಿ.”

“ನಂಗೊಂದೂ ತಿಳೀಲಿಲ್ಲ ಕಣೋ,” ಎಂದರು ತಾತ ಸದಾಶಿವಯ್ಯ, ಮುದ್ದೆ ಮುರಿಯುತ್ತ. ಅವರಿಗೆ ಎಂಬತ್ತು ಸಮೀಪಿಸಿತ್ತು, ಮನೆ ಅವರು ಕಟ್ಟಿಸಿದ್ದು.

ಸಾರಿನ ಸೌಟು ಹಿಡಿದು ನಿಂತಿದ್ದ ಪ್ರೇಮಲೀಲಾ ಹೇಳಿದರು: “ಮಾವ, ಆನ್‌ಬೋರ್ಡು ಅಂದ್ರೆ ನಮ್ಮ ಮನೆ ಒಲೆ ಇದ್ದಂಗೆ. ಅನ್ನಾನೂ ಅದ್ರಲ್ಲೇ, ಸಾರೂ ಅದ್ರಲ್ಲೇ. ಇವನು ಕೇಳ್ತಿರೋದು ಛತ್ರದ ಒಲೆ. ನೂರು ಜನಕ್ಕೆ ಬೇಯ್ಸೋರಿಗೆ ಅದು ಬೇಕೇ ಬೇಕು. ದಿನಾ ಮದುವೆ ಅಡಿಗೆ ಮಾಡ್ತೀವಾ ನಾವು?”

“ಅಮ್ಮ, ಕಂಪ್ಯೂಟರ್ ಬಗ್ಗೆ ನಿಂಗೇನು ಗೊತ್ತು?”

“ಒಲೆ ಬಗ್ಗೆ ಗೊತ್ತು ಬುಡು.”

ದ್ವಿತೀಯ ಪಿಯುಸಿ ಓದುತ್ತಿದ್ದ ಮಗಳು ಧನುಶ್ರೀ ಕಿಸಕ್ಕೆಂದು ನಕ್ಕಳು. ವಿಶ್ವನಾಥ್ ಕೈ ಎತ್ತಿ ತಡೆದರು. “ಊಟದ ಹೊತ್ತಲ್ಲಿ ಚರ್ಚೆ ಬೇಡ. ನಾನು ಕಡತ ತೆರೀತೀನಿ.”

ಸಂಜೆಗೆ ಕಡತ ತಯಾರಾಯಿತು. ‘ವಿಷಯ: ಗೃಹೋಪಯೋಗಕ್ಕೆ ಲ್ಯಾಪ್‌ಟಾಪ್ ಖರೀದಿ. ಪ್ರಶ್ನೆ: ಪ್ರತ್ಯೇಕ ಗ್ರಾಫಿಕ್ಸ್ ಇಲ್ಲದ ಯಂತ್ರವು ದಿನಬಳಕೆಗೆ ಸಾಕೇ?’ ಅದರ ಕೆಳಗೆ ಸ್ಕೇಲಿನಲ್ಲಿ ಗೆರೆ ಎಳೆದು ಮೂರು ಅಂಕಣ: ಬಳಕೆದಾರರ ಹೆಸರು, ಉದ್ದೇಶ, ಸಹಿ. ಹೆಸರುಗಳು ನಾಲ್ಕು: ಮಹೇಶ, ಧನುಶ್ರೀ, ವಿಶ್ವನಾಥ್, ಮತ್ತು ಹಿರಿಯರೆಂಬ ಗೌರವಕ್ಕೆ ಸದಾಶಿವಯ್ಯ.

ಮಹೇಶ ಉದ್ದೇಶದ ಅಂಕಣ ಸಾಲದೆ ಬೇರೆ ಹಾಳೆ ಲಗತ್ತಿಸಿದ. ಕ್ಯಾಡ್ ಎಂಬ ಕಂಪ್ಯೂಟರ್ ಡ್ರಾಯಿಂಗು, ತ್ರೀಡಿ ಮಾಡೆಲಿಂಗ್, ಇನ್ನೂ ಏನೇನೋ. ಧನುಶ್ರೀ ಬರೆದದ್ದು ಒಂದೇ ಸಾಲು: ‘ಸಿಇಟಿ ಮಾದರಿ ಪ್ರಶ್ನೆಪತ್ರಿಕೆ, ಅಣ್ಣ ಬಿಟ್ಟಾಗ.’ ತಾತ ಕನ್ನಡಕ ಹುಡುಕುವ ಗೋಜಿಗೆ ಹೋಗದೆ ‘ಆಕ್ಷೇಪಣೆ ಇಲ್ಲ’ ಎಂದು ಗೀಚಿ ಸಹಿ ಹಾಕಿದರು.

ಮಾರನೆಯ ದಿನ ಮೇಜು ಒರೆಸುವಾಗ ಪ್ರೇಮಲೀಲಾ ಆ ಹಾಳೆ ನೋಡಿದರು. ಮೇಲಿಂದ ಕೆಳಗೆ ಓದಿದರು. ತಮ್ಮ ಹೆಸರು ಎಲ್ಲೂ ಇರಲಿಲ್ಲ. ಮನಸ್ಸು ಪಿಚ್ಚೆಂದಿತು. ಬೈದು ಹೊರಗಿಟ್ಟಿದ್ದರೆ ಜಗಳವಾಡಬಹುದಿತ್ತು. ನೆನಪೇ ಆಗದಿದ್ದರೆ ಯಾರ ಮೇಲೆ ಜಗಳವಾಡುವುದು? ಹಾಳೆಯನ್ನು ಇದ್ದ ಜಾಗದಲ್ಲೇ ಇಟ್ಟು ಮೇಜು ಒರೆಸಿ ಮುಗಿಸಿದರು.

ಮುಂದಿನ ಶನಿವಾರ ದೇವರಾಜ ಅರಸು ರಸ್ತೆಯ ಅಂಗಡಿಗೆ ಹೋದರು. ಹೇಗೂ ಮಾರ್ಕೆಟ್ಟಿಗೆ ಹೋಗಬೇಕಿತ್ತಲ್ಲ, ತರಕಾರಿ ಚೀಲ ಹಿಡಿದು ಪ್ರೇಮಲೀಲಾ ಕೂಡ ಹೊರಟರು.

“ಮನೆ ಬಳಕೆಗೆ ಆನ್‌ಬೋರ್ಡ್ ಧಾರಾಳ ಸಾಕು ಸಾರ್,” ಎಂದ ಅಂಗಡಿಯವನು. “ಸಿನಿಮಾ ನೋಡ್ಬೋದು, ಟೈಪಿಂಗ್, ಇಂಟರ್‌ನೆಟ್ಟು, ಫೋಟೋ ಎಲ್ಲಾ ಆಗತ್ತೆ. ದೊಡ್ಡ ದೊಡ್ಡ ಗೇಮ್ಸ್ ಆಗಲ್ಲ, ಅಷ್ಟೆ.”

“ಕ್ಯಾಡ್‌ಗೆ?” ಎಂದು ಮಹೇಶ ಕೇಳಿದ.

ಅಂಗಡಿಯವನು ಹುಡುಗನ ಮುಖ ನೋಡಿದ. “ಕ್ಯಾಡ್ ಅಂದ್ರೆ, ಕಾರ್ಡ್ ಇದ್ರೆ ಒಳ್ಳೇದು.”

ವಿಶ್ವನಾಥ್ ಈ ಕೊನೆಯ ಮಾತನ್ನೇ ಬರೆದುಕೊಂಡರು. ಎರಡನೆಯ ಅಂಗಡಿಯಲ್ಲಿ ಮಹೇಶ ಎರಡೂ ಯಂತ್ರಗಳಲ್ಲಿ ಕಾರು ಓಡಿಸುವ ಆಟ ಹಾಕಿ ತೋರಿಸಿದ. ಬೆಲೆ ಜಾಸ್ತಿಯದರಲ್ಲಿ ಕಾರು ಹಾರಿಹೋಯಿತು, ಕಮ್ಮಿಯದರಲ್ಲಿ ತಿರುವು ಬಂದಾಗಲೆಲ್ಲ ಕುಂಟಿತು. ಆಟಕ್ಕೂ ಕೆಲಸಕ್ಕೂ ಇರುವ ವ್ಯತ್ಯಾಸ ವಿಶ್ವನಾಥರಿಗೆ ತಿಳಿಯದು. ‘ಯಂತ್ರ ತಡವರಿಸುತ್ತದೆ’ ಎಂದು ಬರೆದರು.

“ಇದ್ರಲ್ಲಿ ಮೇಲ್ ಕಳ್ಸಕ್ಕೆ ಆಗತ್ತಾ?” ಎಂದು ಪ್ರೇಮಲೀಲಾ ಕಮ್ಮಿಯದನ್ನು ತೋರಿಸಿ ಕೇಳಿದರು.

“ಮೇಲ್‌ಗೆ ಇದೇ ಜಾಸ್ತಿ ಮೇಡಂ.”

“ಅದೆಲ್ಲಾ ನಿಂಗ್ಯಾಕೆ ಈಗ?” ಎಂದರು ವಿಶ್ವನಾಥ್. “ನಡಿ, ಸೊಪ್ಪು ಬಾಡೋಗತ್ತೆ.”

ಮೇಲ್ ಅವರಿಗೆ ಯಾಕೆ ಬೇಕಿತ್ತೆಂದರೆ, ಮಹಡಿಯ ಮೇಲೆ ಎರಡು ರೂಮುಗಳಿದ್ದವು. ಯೋಗ ಕಲಿಯಲು ಗೋಕುಲಂಗೆ ಬರುವ ಪರದೇಶದವರು ಅಲ್ಲಿ ಮೂರು ತಿಂಗಳು, ಆರು ತಿಂಗಳು ಇರುತ್ತಿದ್ದರು. ಬೆಳಗಿನ ಜಾವ ಯೋಗಶಾಲೆಗೆ ಹೋಗಿ ಬೆವರಿಳಿಸಿಕೊಂಡು ಬಂದವರು ಒಂಬತ್ತು ಗಂಟೆಗೆ ಹಿತ್ತಿಲಿನ ಉದ್ದನೆಯ ಮೇಜಿನ ಸುತ್ತ ಕೂರುತ್ತಿದ್ದರು. ಮಹಡಿಯವರಷ್ಟೇ ಅಲ್ಲ, ಪಕ್ಕದ ಬೀದಿಯಲ್ಲಿದ್ದ ಪರದೇಶದವರೂ ಬರುತ್ತಿದ್ದರು. ಅಕ್ಕಿರೊಟ್ಟಿ, ಹುಚ್ಚೆಳ್ಳು ಚಟ್ನಿ, ಒತ್ತುಶಾವಿಗೆ. ಹನ್ನೊಂದು ವರ್ಷದಿಂದ ಪ್ರೇಮಲೀಲಾ ನಡೆಸಿಕೊಂಡು ಬಂದ ಮೇಜು ಅದು. ಹಿಂದಿನ ಸೀಸನ್ನಿನಲ್ಲಿ ಮಾತ್ರ ಒಂದು ರೂಮು ಎರಡು ತಿಂಗಳು ಖಾಲಿ ಬಿದ್ದಿತ್ತು. ರೂಮು ಕೇಳಿ ಬರುವ ಮೇಲ್‌ಗಳನ್ನು ನೋಡುವುದು ಮಹೇಶನ ಕೆಲಸ. ಅವನು ಸೈಬರ್ ಸೆಂಟರಿಗೆ ಹೋಗಿ ಅದನ್ನು ತೆರೆಯುತ್ತಿದ್ದದ್ದು ಹತ್ತು ದಿನಕ್ಕೊಮ್ಮೆ. ಉತ್ತರ ಹೋಗುವಷ್ಟರಲ್ಲಿ ಕೇಳಿದವರು ಬೇರೆಡೆ ಸೇರಿಕೊಂಡಿರುತ್ತಿದ್ದರು.

ಆಷಾಢ ಹಿಡಿಯಿತು. ಆಷಾಢದಲ್ಲಿ ಹೊಸ ವಸ್ತು ಮನೆಗೆ ಬೇಡ ಎಂದು ತಾತ ಅಂದದ್ದರಿಂದ ಖರೀದಿ ಮುಂದಕ್ಕೆ ಹೋಯಿತು. ಅದೇ ವಾರ ಸುಂದರೇಶ ಬಂದ. ಪರದೇಶದವರಿಗೆ ರೂಮು ಹುಡುಕಿಕೊಡುವ ದಲ್ಲಾಳಿ, ಮಾತು ಬೆಣ್ಣೆ.

“ಸಾರ್, ಅಕ್ಟೋಬರಿಂದ ಮಹಡಿ ಪೂರ್ತಿ ನಂಗೆ ಕೊಟ್ಬುಡಿ. ತಿಂಗಳಾ ತಿಂಗಳಾ ಇಷ್ಟು ಅಂತ ಕೈಗೆ ತಂದ್ಕೊಡ್ತೀನಿ. ಜನ ಬಂದ್ರೂ ನಂದೇ ಜವಾಬ್ದಾರಿ, ಬರ್ದೇ ಇದ್ರೂ ನಂದೇ.”

“ತಿಂಡಿ?” ಎಂದು ಪ್ರೇಮಲೀಲಾ ಕೇಳಿದರು.

“ಆ ತಾಪತ್ರಯ ನಿಮಗ್ಯಾಕಕ್ಕ? ನಮ್ಮೋನೊಬ್ಬ ಅಡಿಗೆಯೋನಿದ್ದಾನೆ. ಹಿತ್ಲಲ್ಲೇ ಶೀಟ್ ಹಾಕ್ಕೊಂಡು ಮಾಡ್ಕೋತಾನೆ. ನೀವು ಆರಾಮಾಗಿ ಇದ್ಬುಡಿ.”

ಅವನು ಕಾಫಿ ಕುಡಿದು ಹೋದ ಮೇಲೆ ವಿಶ್ವನಾಥ್ ಹೇಳಿದರು: “ಒಳ್ಳೇ ಮಾತು ಕಣೆ. ಹನ್ನೊಂದು ವರ್ಷದಿಂದ ಬೆಳಿಗ್ಗೆ ನಾಲ್ಕೂವರೆಗೆ ಏಳ್ತಿದ್ದೀಯ. ನಿಂಗೂ ವಿಶ್ರಾಂತಿ.”

“ನಂಗೆ ವಿಶ್ರಾಂತಿ ಬೇಕು ಅಂತ ಯಾರು ಹೇಳಿದ್ರು ನಿಮಗೆ?”

“ಹೇಳ್ಬೇಕಾ? ಕಾಣಲ್ವಾ?”

“ಕಾಣೋ ಹಾಗಿದ್ರೆ ಇನ್ನೂ ಏನೇನೋ ಕಾಣ್ಬೇಕಿತ್ತು ಬುಡಿ.” ಪ್ರೇಮಲೀಲಾ ಲೋಟ ಎತ್ತಿಕೊಂಡರು, ಮತ್ತೆ ಕೆಳಗಿಟ್ಟರು. “ಆ ಮೇಜು ನಂದು ಕಣ್ರೀ. ಒಳಗೆ ಬಡಿಸಿದ್ರೆ ಉಪ್ಪು ಕಮ್ಮಿ, ಖಾರ ಜಾಸ್ತಿ ಅಂತೀರ. ಅಲ್ಲಿ ಕೂತು ತಿಂದೋರು ಊರಿಗೆ ಹೋಗೋ ದಿನ ನನ್ನ ಕೈ ಹಿಡ್ಕೊಂಡು ಅಳ್ತಾರೆ. ಅದನ್ನ ಯಾರೋ ಅಡಿಗೆಯೋನಿಗೆ ಕೊಟ್ಟು ನಾನು ಏನು ಮಾಡ್ಲಿ, ಸೀರಿಯಲ್ ನೋಡ್ಲಾ?”

“ಹೋದ ವರ್ಷ ರೂಮು ಖಾಲಿ ಬಿತ್ತಲ್ಲ, ಅದಕ್ಕೇನಂತೀಯ?”

“ಯಾಕೆ ಬಿತ್ತು ಅಂತ ನಿಮ್ಮ ಮಗನ್ನ ಕೇಳಿ.”

ಮಹೇಶ ಪತ್ರಿಕೆಯ ಹಿಂದೆ ಮುಖ ಮುಚ್ಚಿಕೊಂಡ. ವಿಶ್ವನಾಥ್ ತೀರ್ಪು ಕೊಟ್ಟರು. “ಸರಿ. ಗೌರಿ ಹಬ್ಬದೊಳಗೆ ಎರಡು ರೂಮಿಗೂ ಜನ ಗೊತ್ತಾಗ್ಲಿ. ಗೊತ್ತಾಗ್ಲಿಲ್ಲ ಅಂದ್ರೆ ಸುಂದರೇಶಂಗೆ ಹೂಂ ಅಂತೀನಿ.”

ಹಬ್ಬಕ್ಕೆ ಏಳು ವಾರ ಇತ್ತು.

ದೇವರು ಕಣ್ಣು ಬಿಟ್ಟ ಎನ್ನಬೇಕು. ಮೂರು ಸೀಸನ್ನಿನಿಂದ ಬರುತ್ತಿದ್ದ ಫಿನ್ಲೆಂಡಿನ ಅನ್ನೇಲಿ ಎಂಬ ಹೆಂಗಸು ಬೆನ್ನುನೋವಿನ ಚಿಕಿತ್ಸೆಗೆಂದು ಕೇರಳಕ್ಕೆ ಹೊರಟಿದ್ದಳು. ಎರಡು ತಿಂಗಳು ಕಂಪ್ಯೂಟರ್ ಮುಟ್ಟಕೂಡದೆಂದು ಅಲ್ಲಿನ ವೈದ್ಯರ ಕಟ್ಟಪ್ಪಣೆ. ತನ್ನ ಲ್ಯಾಪ್‌ಟಾಪನ್ನು ಅದಕ್ಕೆ ಚುಚ್ಚಿ ಇಂಟರ್‌ನೆಟ್ ಪಡೆಯುವ ಕಡ್ಡಿಯ ಸಮೇತ ಪ್ರೇಮಲೀಲಾರ ಕೈಗಿಟ್ಟು, ಸುಮ್ಮನೆ ಇಡಬೇಡ, ದಿನಾ ಬಳಸು ಎಂದು ಹೇಳಿ ಬಸ್ಸು ಹತ್ತಿದಳು.

ಮಹೇಶ ಅದನ್ನು ತಿರುಗಿಸಿ ಮುರುಗಿಸಿ ನೋಡಿದ. “ಆನ್‌ಬೋರ್ಡು. ಅದೂ ಮೂರು ವರ್ಷ ಹಳೇದು. ದಂಡ.”

“ದಂಡವೋ ಪಿಂಡವೋ, ಇ-ಮೇಲಿನ ಪಾಸ್‌ವರ್ಡ್ ಕೊಡು,” ಎಂದರು ಪ್ರೇಮಲೀಲಾ.

ಪಾಠ ಹೇಳಿದವಳು ಧನುಶ್ರೀ. ಕಾಲೇಜಿನಿಂದ ಬಂದು ಕೈಕಾಲು ತೊಳೆದು ಅಮ್ಮನ ಪಕ್ಕ ಕೂರುತ್ತಿದ್ದಳು. ಪ್ರೇಮಲೀಲಾ ತೊಗರಿಬೇಳೆ ಆರಿಸುವಂತೆ ಒಂದೊಂದೇ ಅಕ್ಷರ ಆರಿಸಿ ಒತ್ತುತ್ತಿದ್ದರು. ಅವರು ಬಿ.ಎ. ಪಾಸು ಮಾಡಿದವರೆಂಬುದು ಮನೆಯಲ್ಲಿ ಎಲ್ಲರಿಗೂ ಮರೆತುಹೋಗಿತ್ತು, ಸ್ವಲ್ಪ ಅವರಿಗೂ. ಎರಡನೇ ವಾರಕ್ಕೆ ಇಂಗ್ಲಿಷ್ ವಾಕ್ಯಗಳು ತಾವಾಗಿ ಬರತೊಡಗಿದವು. ತಿಂಡಿ ಒಂಬತ್ತಕ್ಕೆ. ಈರುಳ್ಳಿ ಬೇಡವೆಂದರೆ ಹಾಕುವುದಿಲ್ಲ. ಬಿಸಿನೀರು ಇದೆ. ಕರೆಂಟು ಹೋಗುತ್ತದೆ.

“ಅಮ್ಮ, ಕರೆಂಟ್ ಹೋಗತ್ತೆ ಅಂತ ಯಾರಾದ್ರೂ ಬರೀತಾರಾ?”

“ಬಂದ್ಮೇಲೆ ಹೇಗೂ ಗೊತ್ತಾಗತ್ತಲ್ಲ ಕಣಮ್ಮ. ಮೊದ್ಲೇ ಹೇಳೋದು ವಾಸಿ.”

ಮೇಜಿನ ಮೇಲೆ ಅಕ್ಕಿರೊಟ್ಟಿ ಇಟ್ಟು ಫೋಟೋ ತೆಗೆದು ಕಳಿಸಿದರು. ತಿಂಡಿಯ ಹಳೆಯ ಗಿರಾಕಿಗಳ ವಿಳಾಸ ಹುಡುಕಿ ಇಪ್ಪತ್ತು ಮೂವತ್ತು ಪತ್ರ ಬರೆದರು. ಅಡಿಗೆ ಮುಗಿದ ಮೇಲೆ ಮಾವನವರಿಗೆ ಪತ್ರಿಕೆಯನ್ನು ಪರದೆಯ ಮೇಲೆ ದಪ್ಪ ಅಕ್ಷರದಲ್ಲಿ ತೋರಿಸುತ್ತಿದ್ದರು.

“ಕನ್ನಡಕ ಇಲ್ದೇನೂ ಕಾಣತ್ತಲ್ಲಮ್ಮ,” ಎಂದು ತಾತ ಮರಣವಾರ್ತೆಗಳನ್ನೆಲ್ಲ ಬಿಡದೆ ಓದಿದರು.

ಗಂಡನ ಚಾಳಿ ಅಂಟಿತ್ತೋ ಏನೋ, ಯಂತ್ರದಲ್ಲಿ ದಿನಾ ಏನು ಮಾಡಿದೆನೆಂದು ಪ್ರೇಮಲೀಲಾ ಹಾಲಿನ ಲೆಕ್ಕದ ಪುಸ್ತಕದ ಕೊನೆಯಲ್ಲಿ ಬರೆದಿಡುತ್ತ ಹೋದರು.

ಮಹೇಶನೂ ದಂಡವೆಂದ ಯಂತ್ರವನ್ನು ಬಿಟ್ಟಿರಲಿಲ್ಲ. ಅಮ್ಮ ಎದ್ದ ಕೂಡಲೇ ಕೂರುತ್ತಿದ್ದ. ಆಟ ಹಾಕುವುದು, ಅದು ಕುಂಟಿದ ಕೂಡಲೇ “ನೋಡಿ ಅಪ್ಪಾಜಿ” ಎಂದು ಕರೆದು ತೋರಿಸುವುದು. ವಿಶ್ವನಾಥ್ ಪ್ರತಿಸಲವೂ ಬಂದು ಬಗ್ಗಿ ನೋಡಿ “ಹ್ಞೂಂ” ಎನ್ನುತ್ತಿದ್ದರು. ಶ್ರಾವಣ ಬಂದಾಗ ಕಡತದಲ್ಲಿ ನಲವತ್ತಾರು ಸಾವಿರದ್ದರ ಮುಂದೆ ಪೆನ್ಸಿಲಿನಲ್ಲಿ ಒಂದು ಸಣ್ಣ ಗುರುತು ಬಿದ್ದಿತ್ತು.

ಆಗಸ್ಟ್ ಎಂಟು, ಎರಡನೇ ಶನಿವಾರ. ಅನ್ನೇಲಿಯ ಊರಿನ ಇಬ್ಬರು ಹೆಂಗಸರು ರೂಮು ನೋಡಬೇಕೆಂದಿದ್ದರು. ಇಬ್ಬರೂ ಒಪ್ಪಿದರೆ ಎರಡು ರೂಮೂ ಅಕ್ಟೋಬರಿನಿಂದ ಮಾರ್ಚಿವರೆಗೆ ತುಂಬಿದಂತೆ. ಸಂಜೆ ನಾಲ್ಕಕ್ಕೆ ವಿಡಿಯೋದಲ್ಲಿ ಬರುವುದೆಂದು ಗೊತ್ತಾಗಿತ್ತು. ಪ್ರೇಮಲೀಲಾ ಗಂಜಿ ಹಾಕಿದ ಹತ್ತಿ ಸೀರೆ ಉಟ್ಟು, ಮಹಡಿ ತೊಳೆಸಿ, ಮೇಜಿನ ಮೇಲೆ ದಾಸವಾಳ ಇಟ್ಟು ಕಾದರು.

ಸರಿಯಾಗಿ ನಾಲ್ಕಕ್ಕೆ ಎರಡು ಕೆಂಪು ಮುಖಗಳು ಪರದೆಯ ಮೇಲೆ ನಕ್ಕವು. ಪ್ರೇಮಲೀಲಾ ಲ್ಯಾಪ್‌ಟಾಪನ್ನು ಆರತಿ ತಟ್ಟೆಯ ಹಾಗೆ ಎರಡೂ ಕೈಯಲ್ಲಿ ಹಿಡಿದು ಮಹಡಿ ಹತ್ತಿದರು. ಮೊದಲನೇ ರೂಮು ತೋರಿಸಿದರು. ಎರಡನೆಯದರ ಬಾಗಿಲಿಗೆ ಬರುವಷ್ಟರಲ್ಲಿ ಮುಖಗಳು ಚೌಕ ಚೌಕವಾಗಿ ಒಡೆದವು. ದನಿ ತುಂಡಾಯಿತು. ಆಮೇಲೆ ಇಬ್ಬರೂ ಬಾಯಿ ತೆರೆದುಕೊಂಡೇ ನಿಂತುಬಿಟ್ಟರು. ಪ್ರೇಮಲೀಲಾ ಮೂರು ಸಲ “ಹಲೋ” ಎಂದರು. ಪರದೆ ಖಾಲಿಯಾಯಿತು.

“ನಾನು ಅವತ್ತಿಂದ ಬಡ್ಕೊಂಡೆ,” ಎಂದ ಹಿಂದೆಯೇ ಹತ್ತಿ ಬಂದ ಮಹೇಶ. “ಗ್ರಾಫಿಕ್ಸ್ ಕಾರ್ಡ್ ಇಲ್ದೇ ಇದ್ರೆ ಹಿಂಗೇ ಆಗೋದು.”

ಕೆಳಗಿನಿಂದ ವಿಶ್ವನಾಥರ ದನಿ ಬಂತು. “ನಿಂತೋಯ್ತಾ? ಬರ್ಕೋತೀನಿ ಇರು.”

ಧನುಶ್ರೀ ಅಮ್ಮನ ಕೈಯಿಂದ ಯಂತ್ರ ಇಸಿದುಕೊಂಡು ಮೂಲೆಯಲ್ಲಿ ಏನನ್ನೋ ಒತ್ತಿದಳು. “ಅಣ್ಣ, ಇದೇನು? ಬೆಳಿಗ್ಗೆಯಿಂದ ಏನೋ ಡೌನ್‌ಲೋಡ್ ಆಗ್ತಾ ಇದೆ. ನೆಟ್ಟೆಲ್ಲಾ ಇದೇ ಕುಡಿದ್ಬುಟ್ಟಿದೆ. ಕಾರ್ಡಿಗೂ ಇದಕ್ಕೂ ಏನು ಸಂಬಂಧ?”

ಧನುಶ್ರೀ ಪರದೆಯನ್ನು ಅಮ್ಮನ ಕಡೆ ತಿರುಗಿಸಿದಳು.

“ಗೇಮು ಕಣಮ್ಮ,” ಎಂದು ಅಣ್ಣನತ್ತ ನೋಡಿದಳು. “ ಈ ಯಂತ್ರದಲ್ಲಿ ಗೇಮ್ ಓಡೋದೇ ಇಲ್ಲ ಅಂತೀಯಲ್ಲ, ಮತ್ಯಾಕೆ ಇಳಿಸ್ಕೋತಿದ್ದೀಯ?”

“ಹೊಸದು ಬಂದ್ಮೇಲೆ ಹಾಕೋಣ ಅಂತ,” ಎಂದ ಅವನು, ನೆಲ ನೋಡುತ್ತ.

ಪ್ರೇಮಲೀಲಾ ಮೆಟ್ಟಿಲಿಳಿದು ಹೋಗಿ ಹಿತ್ತಿಲಿನ ಮೇಜಿನ ತುದಿಯಲ್ಲಿ ಕುಳಿತರು. ಎದುರಿಗೆ ಹೂವಿತ್ತು. ಸೆರಗಿನಲ್ಲಿ ಕಣ್ಣೊರೆಸಿಕೊಂಡರು, ಮತ್ತೆ ತುಂಬಿಕೊಂಡವು. ಐದು ವಾರ ಬೇಳೆ ಆರಿಸಿದಂತೆ ಆರಿಸಿ ಬರೆದದ್ದೆಲ್ಲ ಒಂದು ಆಟಕ್ಕೆ ಹೋಯಿತಲ್ಲ ಎಂಬ ಸಂಕಟ. ಅರ್ಧ ಗಂಟೆಯ ಮೇಲೆ ಮಹೇಶ ಬಂದು ಬೆಂಚಿನ ಇನ್ನೊಂದು ತುದಿಯಲ್ಲಿ ಕುಳಿತ.

“ಅದನ್ನ ತೆಗೆದಾಕ್ದೆ ಅಮ್ಮ. ಅವ್ರಿಗೆ ನಾನೇ ಬರೆದಿದ್ದೀನಿ, ತಪ್ಪು ನಂದು ಅಂತ.”

“ಹೂಂ.”

“ಇನ್ನೊಂದು. ನಮ್ಮ ಕಾಲೇಜ್ ಲ್ಯಾಬಲ್ಲಿರೋವೂ ಆನ್‌ಬೋರ್ಡೇ. ಡ್ರಾಯಿಂಗ್ ಎಲ್ಲಾ ಅದ್ರಲ್ಲೇ ಮಾಡೋದು. ಸ್ವಲ್ಪ ನಿಧಾನ, ಆದ್ರೆ ಆಗತ್ತೆ.”

“ಗೊತ್ತು.”

“ಗೊತ್ತಾ?”

“ಸುಳ್ಳು ಹೇಳೋವಾಗ ನಿನ್ನ ಕಿವಿ ಕೆಂಪಾಗತ್ತೆ. ಚಿಕ್ಕೋನಿದ್ದಾಗಿಂದ.”

“ಮತ್ತೆ ಅಪ್ಪಾಜಿಗೆ ಯಾಕೆ ಹೇಳ್ಲಿಲ್ಲ?”

“ನನ್ನನ್ನ ಯಾರು ಕೇಳಿದ್ರಪ್ಪ?”

ಮಹೇಶ ದಾಸವಾಳದ ಎಸಳನ್ನು ಬೆರಳಲ್ಲಿ ಉಜ್ಜುತ್ತ ಕುಳಿತಿದ್ದ, ಆಮೇಲೆ ಅಮ್ಮನ ಜೊತೆಗೆ ಅಲಸಂದೆಕಾಳು ಬಿಡಿಸಿದ.

ಮಂಗಳವಾರ ಮತ್ತೆ ವಿಡಿಯೋ ಆಯಿತು. ಅದೇ ಹಳೆಯ ಯಂತ್ರ, ಅದೇ ಮಹಡಿ. ಮುಖವೂ ಒಡೆಯಲಿಲ್ಲ, ದನಿಯೂ ತುಂಡಾಗಲಿಲ್ಲ. ಇಬ್ಬರೂ ರೂಮು, ಬಚ್ಚಲು, ಒಲೆಯ ಮೇಲಿದ್ದ ಹುರುಳಿಸಾರಿನ ಪಾತ್ರೆಯನ್ನು ಸಹ ನೋಡಿದರು. ನಾಲ್ಕು ದಿನ ಬಿಟ್ಟು ಇಬ್ಬರಲ್ಲಿ ದೊಡ್ಡವಳಿಂದ ಬರುತ್ತೇನೆಂದು ಪತ್ರ ಬಂತು. ಚಿಕ್ಕವಳಿಗೆ ರಜೆ ಇನ್ನೂ ಸಿಕ್ಕಿರಲಿಲ್ಲ, ಸೆಪ್ಟೆಂಬರಿನಲ್ಲಿ ತಿಳಿಸುತ್ತೇನೆ ಎಂದಿದ್ದಳು. ಒಂದು ರೂಮು ತುಂಬಿತು. ಷರತ್ತು ಇದ್ದದ್ದು ಎರಡು ರೂಮಿಗೆ.

ಗೌರಿ ಹಬ್ಬಕ್ಕೆ ಎರಡು ದಿನ ಇದ್ದಾಗ, ಸಂಜೆ ಆರಕ್ಕೆ ಬಂದು ಉತ್ತರ ತೆಗೆದುಕೊಂಡು ಹೋಗುತ್ತೇನೆಂದು ಸುಂದರೇಶ ಫೋನು ಮಾಡಿದ. ಕಚೇರಿಯಿಂದ ಬಂದ ವಿಶ್ವನಾಥ್, ಖರೀದಿಯ ಆದೇಶವನ್ನೂ ಇವತ್ತೇ ಬರೆದು ಮುಗಿಸೋಣವೆಂದು ಕಡತ ತೆರೆದರು. ಕೊನೆಯಲ್ಲಿ ತಾವು ಇಡದ ಒಂದು ಹಾಳೆ ಇತ್ತು. ಸ್ಕೇಲಿನಲ್ಲಿ ಎಳೆದ ಗೆರೆ, ಅದೇ ಮೂರು ಅಂಕಣ. ಅಕ್ಷರ ಹೆಂಡತಿಯದು.

‘ಬಳಕೆದಾರರ ಹೆಸರು: ಪ್ರೇಮಲೀಲಾ. ಉದ್ದೇಶ: ಆರು ವಾರದಲ್ಲಿ ನಲವತ್ತೊಂದು ಪತ್ರ ಬರೆದಿದ್ದೇನೆ. ಮಾವನವರಿಗೆ ದಿನಾ ಪತ್ರಿಕೆ. ಧನುವಿಗೆ ಹದಿನಾರು ಪ್ರಶ್ನೆಪತ್ರಿಕೆ. ನಿಮ್ಮ ತಂಗಿ ಕಳಿಸಿದ ಮಗುವಿನ ಫೋಟೋ ನೀವು ನೋಡಿದ್ದೂ ಇದರಲ್ಲೇ. ಯಂತ್ರ ಒಂದು ದಿನವೂ ಕೈಕೊಟ್ಟಿಲ್ಲ. ಎಂಟನೇ ತಾರೀಖು ನಿಂತದ್ದು ಯಂತ್ರದ ದೋಷವಲ್ಲ, ಕಾರಣ ಮಹೇಶ ಹೇಳುತ್ತಾನೆ. ಪ್ರಶ್ನೆಗೆ ಉತ್ತರ: ದಿನಬಳಕೆಗೆ ಸಾಕು. ಆದರೆ ಯಾರ ದಿನ ಎಂದು ಪ್ರಶ್ನೆಯಲ್ಲಿ ಬರೆದಿಲ್ಲ. ಈ ಕಡತ ನನಗೆ ಬಂದಿರಲಿಲ್ಲ.’

ಕೆಳಗೆ ಪೂರ್ತಿ ಸಹಿ.

ವಿಶ್ವನಾಥ್ ನಿಂತೇ ಓದಿದರು, ಆಮೇಲೆ ಕುಳಿತು ಓದಿದರು. ಕೊನೆಯ ಸಾಲಿನ ಹತ್ತಿರ ಬಂದಾಗಲೆಲ್ಲ ಅವರ ಕಿವಿಯೂ ಕೆಂಪಾಗುತ್ತಿತ್ತು. ಬಳಸುವವರನ್ನು ಕೇಳದೆ ಬಂದ ಕಡತವನ್ನು ಸಾಹೇಬರ ಮುಖಕ್ಕೇ ವಾಪಸ್ ಮಾಡಿದ್ದ ಮನುಷ್ಯ. ಎದ್ದು ಅಡಿಗೆಮನೆಗೆ ಹೋಗಿ ಮಿಕ್ಸಿಯ ಬುಡ ನೋಡಿದರು. ಬಳಕೆದಾರರು: ಖಾಲಿ. ಗ್ರೈಂಡರು: ಖಾಲಿ. ಒಲೆ: ಖಾಲಿ. ಹಿತ್ತಿಲಿಗೆ ಹೋಗಿ ಮೇಜಿನ ಕೆಳಗೆ ಬಗ್ಗಿದರು. ಹನ್ನೊಂದು ವರ್ಷದ ಹಿಂದಿನ ತಮ್ಮದೇ ದುಂಡಗಿನ ಅಕ್ಷರ, ಕ್ರಮಸಂಖ್ಯೆ ಮೂವತ್ತೇಳು. ಅಲ್ಲಿಯೂ ಖಾಲಿ. ಅವರಿಗೆ ನಾಚಿಕೆಯಾಯಿತು. ಬಗ್ಗಿದವರು ಬೇಗ ಮೇಲೇಳಲಿಲ್ಲ.

“ಏನು ಹುಡುಕ್ತಿದ್ದೀರಿ?” ಎಂದು ಪ್ರೇಮಲೀಲಾ ಬಾಗಿಲಲ್ಲಿ ನಿಂತು ಕೇಳಿದರು. ಹಬ್ಬದ ಕಡುಬಿಗೆ ಕಾಯಿ ತುರಿಯುತ್ತಿದ್ದ ಕೈ ಹಾಗೇ ಇತ್ತು.

“ತಪ್ಪಾಯ್ತು ಕಣೆ.”

“ಯಾವುದು?”

“ಪಟ್ಟಿ.”

“ಅದೊಂದೇನಾ?”

“ಅಲ್ಲ,” ಎಂದರು ವಿಶ್ವನಾಥ್. “ಅಲ್ಲಿಂದ ಶುರು ಮಾಡ್ತೀನಿ. ಉಳಿದದ್ದು ನೀನೇ ಹೇಳು, ಬರ್ಕೋತೀನಿ.”

ವರಾಂಡದಲ್ಲಿ ಕುಳಿತು ಎಲ್ಲ ಕೇಳಿಸಿಕೊಳ್ಳುತ್ತಿದ್ದ ತಾತ ಅಲ್ಲಿಂದಲೇ ಕೂಗಿದರು: “ನನ್ನ ಸಹೀನೂ ಹೊಡೆದಾಕು ಕಣೋ. ಓದ್ದೇ ಹಾಕಿದ್ದೆ.”

ಆರು ಗಂಟೆಗೆ ಸುಂದರೇಶ ಕರಾರು ಪತ್ರವನ್ನೇ ಹಿಡಿದು ಬಂದ. “ಎರಡು ರೂಮಿಗೂ ಜನ ಗೊತ್ತಾದ್ರಾ ಸಾರ್?”

“ಒಂದಕ್ಕೆ.”

“ಹಾಗಾದ್ರೆ ಇಲ್ಲೊಂದು ಸಹಿ.”

“ನನ್ನನ್ನ ಕೇಳ್ಬೇಡಪ್ಪ,” ಎಂದರು ವಿಶ್ವನಾಥ್. “ಬಳಸೋರು ಒಳಗಿದ್ದಾರೆ.”

ಪ್ರೇಮಲೀಲಾ ಕಾಫಿ ತಂದಿಟ್ಟರು. “ಬಿಸಿಯಾಗಿ ಕುಡಿ ಸುಂದರೇಶ. ಮಹಡಿ ಕೊಡಲ್ಲ.”

ಹಬ್ಬ ಕಳೆದ ಮೇಲೆ ಮೂವತ್ತೆರಡು ಸಾವಿರದ್ದೇ ಬಂತು, ಆನ್‌ಬೋರ್ಡು. ವಿಶ್ವನಾಥ್ ಅಂಟು, ಕತ್ತರಿ, ಬಿಳಿ ಹಾಳೆ ಹಿಡಿದು ಕುಳಿತರು. ಕ್ರಮಸಂಖ್ಯೆ ಬರೆದರು, ದಿನಾಂಕ ಬರೆದರು. ಮೂರನೇ ಸಾಲಿನಲ್ಲಿ ‘ಪ್ರೇಮಲೀಲಾ’ ಎಂದು ಬರೆದು, ಶಾಯಿ ಆರುವವರೆಗೆ ಊದಿ, ಯಂತ್ರದ ಬುಡಕ್ಕೆ ಅಂಟಿಸಿದರು. ಉಳಿದ ಚೀಟಿಗಳನ್ನು ಹಿಡಿದು ಅಡಿಗೆಮನೆಗೆ ಹೋದರು.

ಪ್ರೇಮಲೀಲಾ ಫಿನ್ಲೆಂಡಿನ ಚಿಕ್ಕವಳಿಗೆ ಪತ್ರ ಬರೆಯುತ್ತಿದ್ದರು. ರಜೆ ಸಿಕ್ಕಿತೇ ಎಂದು ಕೇಳಬೇಕಿತ್ತು. ಮಹೇಶ ಬಾಗಿಲ ಬಳಿ ಬಂದು ನಿಂತ, ಒಂದು ಸಲ ಕೆಮ್ಮಿದ.

“ಅಮ್ಮ, ಸಂಜೆ ಒಂದು ಗಂಟೆ ಕೊಡ್ತೀಯಾ?”

ಪ್ರೇಮಲೀಲಾ ಪರದೆಯಿಂದ ಕಣ್ಣು ತೆಗೆಯಲಿಲ್ಲ.

“ಉದ್ದೇಶ ಏನು ಅಂತ ಬರೆದ್ಕೊಡು. ನೋಡೋಣ.”

ಮಹೇಶ ಪೆನ್ನು ಹುಡುಕಲು ಹೋದ.